ಒಡೆದು ಓದಿದ ಕಾಗದಗಳು

1993ರಲ್ಲಿ ಬ್ರಿಟನ್ನಿನ ನೌಕಾಪಡೆಯಲ್ಲಿ ಒಂದು ಕೋರ್ಟ್ ಮಾರ್ಷಲ್ ನಡೆಯಿತು. ಕಟಕಟೆಯಲ್ಲಿ ನಿಂತಿದ್ದವರು ಜೋ ಔಸಾಲಿಸ್ ಎಂಬ ರೇಡಿಯೋ ಆಪರೇಟರ್. ಸುಮಾರು ಹದಿನೆಂಟು ವರ್ಷ ಸಮವಸ್ತ್ರ ತೊಟ್ಟವರು. 1982ರ ಫಾಕ್ಲೆಂಡ್ ಯುದ್ಧಕ್ಕೆ ಹೋಗಿ ಬಂದಿದ್ದರು, ಬಾಂಬು ಸಿಡಿಯುತ್ತಿದ್ದ ಉತ್ತರ ಐರ್ಲೆಂಡಿಗೆ ಮತ್ತೆ ಮತ್ತೆ ಹೋಗಿದ್ದರು. ವಿಚಾರಣೆ ಮುಗಿದ ಮೇಲೆ ಒಬ್ಬಾತ ದೊಡ್ಡದೊಂದು ಕತ್ತರಿ ಹಿಡಿದು ಬಂದ. ಅವರ ಎದೆಯ ಮೇಲಿದ್ದ ಪದಕವನ್ನು ಬಟ್ಟೆಯಿಂದ ಕತ್ತರಿಸಿ ತೆಗೆದುಕೊಂಡ. ದೀರ್ಘ ಸೇವೆಗೂ ಸನ್ನಡತೆಗೂ ಕೊಡುವ ಪದಕ ಅದು. ಔಸಾಲಿಸ್ ಅವರಿಗೆ ಹೆಂಗಸರ ಮೇಲೆ ಮೂಡುವಂತೆ ಗಂಡಸರ ಮೇಲೂ ಒಲವು ಮೂಡುತ್ತಿತ್ತು. ಆ ಸಂಗತಿ ಹೊರಬಿದ್ದ ಮೇಲೆ ಹದಿನೆಂಟು ವರ್ಷದ ಸೇವೆಯೂ ಉಳಿಯಲಿಲ್ಲ, ಸನ್ನಡತೆಯೂ ಉಳಿಯಲಿಲ್ಲ.

ಆ ಕತ್ತರಿಯ ಸಂಗತಿ ಮೊದಲ ಸಲ ಓದಿದಾಗ ನನಗೆ ನಂಬಲಾಗಲಿಲ್ಲ. ಕೆಲಸದಿಂದ ತೆಗೆಯುವುದು ಬೇರೆ. ಒಬ್ಬ ಮನುಷ್ಯ ಆಗಲೇ ಗಳಿಸಿಕೊಂಡದ್ದನ್ನು, ಅವನು ನೋಡುತ್ತಿರುವಾಗಲೇ, ಅವನ ಮೈಮೇಲಿಂದ ಕತ್ತರಿಸಿಕೊಳ್ಳುವುದು ಬೇರೆ. ಈ ಎರಡನೆಯದಕ್ಕೆ ಒಂದು ಕ್ರಮ ಇತ್ತು, ಒಂದು ಕಡತ ಇತ್ತು, ಸಹಿ ಹಾಕುವ ಅಧಿಕಾರಿ ಇದ್ದ. ಬ್ರಿಟನ್ನಿನಂಥ ದೇಶ ಇದನ್ನು ತೀರಾ ಮೊನ್ನೆ ಮೊನ್ನೆಯವರೆಗೆ ಮಾಡಿತು. ಹೇಗೆ ನಿಲ್ಲಿಸಿತು, ನಿಲ್ಲಿಸಿದ ಮೇಲೂ ಯಾವುದನ್ನು ಹೇಳದೆ ಉಳಿಸಿಕೊಂಡಿತು ಎಂಬುದನ್ನು ನಾವು ಗಮನವಿಟ್ಟು ನೋಡಬೇಕಾಗಿದೆ. ನಮ್ಮ ಸೇನೆಯ ಕಾನೂನು ಹುಟ್ಟಿದ್ದು ಅವರದೇ ಹೊಟ್ಟೆಯಲ್ಲಿ.

ಮೊದಲಿಗೆ ಒಂದು ಪದದ ವಿಚಾರ. ಪತ್ರಿಕೆಗಳಲ್ಲಿ ನಾವು ಬಹುಕಾಲದಿಂದ ‘ಸಲಿಂಗಕಾಮಿ’ ಎಂದೇ ಬರೆಯುತ್ತ ಬಂದಿದ್ದೇವೆ. ಹಸೆಮಣೆಯ ಮೇಲೆ ಕೂತ ಗಂಡು ಹೆಣ್ಣನ್ನು ಯಾರೂ ‘ಕಾಮಿಗಳು’ ಎನ್ನುವುದಿಲ್ಲ. ಹಾಗಾಗಿ ಇಲ್ಲಿ ಸಲಿಂಗಪ್ರೇಮಿ ಎಂದೇ ಬರೆಯುತ್ತೇನೆ. ಗೇ, ಲೆಸ್ಬಿಯನ್ ಎಂಬ ಪದಗಳೂ ಈಗ ನಮ್ಮ ಓದುಗರಿಗೆ ಪರಿಚಿತವೇ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1967ರಲ್ಲಿ ಒಂದು ಕಾಯ್ದೆ ಬಂತು. 21 ವರ್ಷ ದಾಟಿದ ಇಬ್ಬರು ಗಂಡಸರು ಒಪ್ಪಿ, ಖಾಸಗಿಯಾಗಿ ಕೂಡಿದರೆ ಅದು ಅಪರಾಧವಲ್ಲ ಎಂದಿತು. ಆದರೆ ಆ ಕಾಯ್ದೆಯೊಳಗೇ ಸೇನೆಗೆ ವಿನಾಯಿತಿ ಇತ್ತು. ಬೀದಿಯಲ್ಲಿ ನಡೆಯುವ ಗುಮಾಸ್ತನಿಗೆ ಸಿಕ್ಕ ಬಿಡುಗಡೆ ಬ್ಯಾರಕ್ಕಿನ ಸೈನಿಕನಿಗೆ ಸಿಗಲಿಲ್ಲ. 1994ರಲ್ಲಿ ಸೇನೆಯೊಳಗೂ ಅದು ಅಪರಾಧವಾಗಿ ಉಳಿಯಲಿಲ್ಲ, ಆದರೆ ಕೆಲಸದಿಂದ ಕಿತ್ತುಹಾಕುವ ಅಧಿಕಾರ ಹಾಗೇ ಉಳಿಯಿತು. ಲೆಸ್ಬಿಯನ್ ಹೆಣ್ಣುಮಕ್ಕಳ ವಿಷಯದಲ್ಲಿ ನಾಗರಿಕ ಕಾನೂನು ಎಂದೂ ಅಪರಾಧ ಎಂದಿರಲಿಲ್ಲ. ಸೇನೆ ಮಾತ್ರ ಅವರನ್ನೂ ಬಿಡಲಿಲ್ಲ.

ಕೆಲಸದಿಂದ ತೆಗೆಯುವುದು ಕೊನೆಯ ಹಂತ. ಅದಕ್ಕೂ ಮೊದಲು ತನಿಖೆ. ಸೇನಾ ಪೊಲೀಸರ ವಿಶೇಷ ತನಿಖಾ ದಳಕ್ಕೆ ಒಂದು ಅನಾಮಧೇಯ ಫೋನ್ ಕರೆ ಬಂದರೂ ಸಾಕಿತ್ತು. ಕೋಣೆಗೆ ನುಗ್ಗಿ ಬೀರು, ಪೆಟ್ಟಿಗೆ, ಹಾಸಿಗೆಯ ಅಡಿ ಎಲ್ಲ ಜಾಲಾಡುತ್ತಿದ್ದರು. ಹುಡುಕುತ್ತಿದ್ದದ್ದು ಮುಖ್ಯವಾಗಿ ಕಾಗದಗಳನ್ನು. ಪ್ರೀತಿಯ ಕಾಗದ, ಫೋಟೋ, ದಿನಚರಿ, ವಿಳಾಸದ ಪುಸ್ತಕ. ಒಂದು ಕಾಗದ ಸಿಕ್ಕರೆ ಅದರಲ್ಲಿದ್ದ ಹೆಸರುಗಳನ್ನು ಹಿಡಿದು ಇನ್ನೊಬ್ಬರ ಕೋಣೆಗೆ. ಗಂಟೆಗಟ್ಟಲೆ ಪ್ರಶ್ನೆ. ಬೇರೆಯವರ ಹೆಸರು ಹೇಳು ಎಂಬ ಒತ್ತಡ.

ಈ ಕಾಗದಗಳ ವಿಷಯ ಓದುವಾಗ ನನಗೆ ನಮ್ಮ ಬೀದಿಯ ಕೊನೆಯ ಮನೆ ನೆನಪಾಗುತ್ತದೆ. ಆ ಮನೆಯ ಹಿರಿಮಗ ಮಿಲಿಟರಿಯಲ್ಲಿದ್ದ. ಅವನು ಯಾವ ಊರಲ್ಲಿದ್ದಾನೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ವಿಳಾಸ ಯಾವಾಗಲೂ ಒಂದೇ, ‘56 ಎಪಿಒ’. ಅವನ ತಾಯಿಗೆ ಓದು ಬರುತ್ತಿರಲಿಲ್ಲ, ಹೆಂಡತಿಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಇನ್‌ಲ್ಯಾಂಡ್ ಲೆಟರ್ ಬಂದ ದಿನ ಪೋಸ್ಟ್‌ಮ್ಯಾನ್ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಹೊಲ, ಸಾಲ, ತಂಗಿಯ ಮದುವೆ, ಎಮ್ಮೆಯ ಕರು. ಕೊನೆಯ ಮಡಿಕೆಗೆ ಬಂದಾಗ ನಿಲ್ಲಿಸುತ್ತಿದ್ದರು. ಕಾಗದವನ್ನು ಮತ್ತೆ ಮಡಚಿ, “ತಗೋ ತಾಯಿ, ಇದು ನಿನಗೆ ಬರೆದದ್ದು” ಎಂದು ಸೊಸೆಯ ಕೈಗೆ ಕೊಡುತ್ತಿದ್ದರು. ಆ ನಾಲ್ಕು ಸಾಲು ಅವರ ಕಣ್ಣಿಗೆ ಬಿದ್ದೇ ಇರುತ್ತಿತ್ತು. ಆದರೂ ಓದುತ್ತಿರಲಿಲ್ಲ. ಮನೆಯಿಂದ ಸಾವಿರಾರು ಮೈಲಿ ದೂರ ಇರುವ ಸೈನಿಕನಿಗೆ ಆ ನಾಲ್ಕು ಸಾಲು ಏನೆಂಬುದು ಆ ಮನುಷ್ಯರಿಗೆ ಗೊತ್ತಿತ್ತು.

ಬ್ರಿಟಿಷ್ ಸೇನೆ ಒಡೆದು ಓದಿದ್ದು, ಕಡತಕ್ಕೆ ಸೇರಿಸಿದ್ದು, ಮೇಜಿನ ಮೇಲೆ ಹರಡಿ ಸಾಕ್ಷ್ಯ ಎಂದು ಮಂಡಿಸಿದ್ದು ಆ ನಾಲ್ಕು ಸಾಲುಗಳನ್ನೇ.

ಹೀಗೆ ಹೊರದೂಡಲ್ಪಟ್ಟವರು ಬಹುಕಾಲ ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ಹೊರಬಿದ್ದವರು ಊರಿಗೆ ಹೋಗಿ ಏನು ಹೇಳಿಯಾರು? ಸೇನೆ ಬಿಟ್ಟದ್ದೇಕೆ ಎಂದು ಅಪ್ಪ ಕೇಳಿದರೆ ಸುಳ್ಳು ಹೇಳಬೇಕು, ಇಲ್ಲವೇ ಎಲ್ಲವನ್ನೂ ಹೇಳಬೇಕು. 1991ರಲ್ಲಿ ಪ್ಯಾರಾಶೂಟ್ ರೆಜಿಮೆಂಟಿನ ಬ್ಯಾಂಡ್ ಮಾಸ್ಟರ್ ಆಗಿದ್ದ ರಾಬರ್ಟ್ ಈಲಿ ಮತ್ತು ಸೇನೆಯಲ್ಲಿ ನರ್ಸ್ ಆಗಿದ್ದ ಇಲೇನ್ ಚೇಂಬರ್ಸ್ ಸೇರಿ ‘ರ‍್ಯಾಂಕ್ ಔಟ್‌ಸೈಡರ್ಸ್’ ಎಂಬ ಸಂಘ ಕಟ್ಟಿದರು. ಇಬ್ಬರೂ ಇದೇ ಕಾರಣಕ್ಕೆ ಕೆಲಸ ಕಳೆದುಕೊಂಡವರು. ಮೊದಲ ಕೆಲಸ ಹೋರಾಟವಾಗಿರಲಿಲ್ಲ. ಹೊರಬಿದ್ದವರು ಕೂತು ಮಾತಾಡಲು ಒಂದು ಜಾಗ ಬೇಕಿತ್ತು. ಆ ಮಾತುಕತೆಯಿಂದಲೇ ಮೊಕದ್ದಮೆಗಳಿಗೆ ಬಲ ಬಂತು.

ನಾಲ್ವರು ಕೋರ್ಟಿನ ಮೆಟ್ಟಿಲು ಹತ್ತಿದರು. ನೌಕಾಪಡೆಯ ಅಧಿಕಾರಿ ಡಂಕನ್ ಲುಸ್ಟಿಗ್-ಪ್ರೀನ್, ಅದೇ ಪಡೆಯ ಜಾನ್ ಬೆಕೆಟ್, ವಾಯುಪಡೆಯ ನರ್ಸ್ ಜೀನೆಟ್ ಸ್ಮಿತ್, ವಾಯುಪಡೆಯ ಸಾರ್ಜೆಂಟ್ ಗ್ರೇಮ್ ಗ್ರೇಡಿ. ನಾಲ್ವರ ಕೆಲಸದ ಬಗ್ಗೆಯೂ ಮೇಲಧಿಕಾರಿಗಳಿಗೆ ದೂರಿರಲಿಲ್ಲ.

ಜೀನೆಟ್ ಸ್ಮಿತ್ ಅವರ ವಿಚಾರಣೆಯ ವಿವರ ಮುಂದೆ ತೀರ್ಪಿನಲ್ಲೇ ದಾಖಲಾಯಿತು. 1994ರ ಜೂನಿನಲ್ಲಿ ಅವರ ಮನೆಯ ಫೋನಿನಲ್ಲಿ ಅಪರಿಚಿತ ಹೆಂಗಸೊಬ್ಬಳು ಸಂದೇಶ ಬಿಟ್ಟಿದ್ದಳು: ನಿನ್ನ ವಿಷಯ ವಾಯುಪಡೆಗೆ ತಿಳಿಸಿದ್ದೇನೆ ಎಂದು. ಸ್ಮಿತ್ ತಾವು ಲೆಸ್ಬಿಯನ್ ಎಂದು ಒಪ್ಪಿಕೊಂಡರು. ವಿಷಯ ಅಲ್ಲಿಗೇ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. ಎಚ್‌ಐವಿ ಬಗ್ಗೆ ಯೋಚಿಸಿದ್ದೀಯಾ ಎಂದು ಕೇಳಿದರು. ಹಾಕಿ, ನೆಟ್‌ಬಾಲ್‌ನಂಥ ಹುಡುಗಿಯರ ಆಟಗಳಲ್ಲಿ ಆಸಕ್ತಿ ಇದೆಯೇ ಎಂದು ಕೇಳಿದರು. ಅವರ ಮನೆಯಲ್ಲಿ ಆಸರೆ ಪಡೆದು ಬೆಳೆಯುತ್ತಿದ್ದ ಹದಿಹರೆಯದ ಸಾಕುಮಗಳ ಜೊತೆಗೂ ಸಂಬಂಧವಿದೆಯೇ ಎಂದು ಕೇಳಿದರು. ಈ ಕೊನೆಯ ಪ್ರಶ್ನೆ ಓದಿದಾಗಲೆಲ್ಲ ನನ್ನ ರಕ್ತ ಕುದಿಯುತ್ತದೆ. ರೋಗಿಗಳ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದ ಹೆಣ್ಣುಮಗಳು, ಯಾರದೋ ಮಗುವಿಗೆ ಮನೆ ಕೊಟ್ಟಾಕೆ. ಅದೇ ವರ್ಷ ನವೆಂಬರಿನಲ್ಲಿ ಅವರನ್ನು ಮನೆಗೆ ಕಳಿಸಿದರು.

ಗ್ರೇಡಿ ವಾಷಿಂಗ್ಟನ್ನಿನಲ್ಲಿ ಬ್ರಿಟನ್ನಿನ ರಕ್ಷಣಾ ಗುಪ್ತಚರ ಸಂಪರ್ಕ ಕಚೇರಿಯಲ್ಲಿದ್ದರು. ಮದುವೆಯಾಗಿತ್ತು, ಇಬ್ಬರು ಮಕ್ಕಳಿದ್ದರು. ಮೇಲಧಿಕಾರಿಯ ಮನೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದವಳ ಬಾಯಿಂದ ಹೊರಟ ಮಾತು ಅಧಿಕಾರಿಯ ಹೆಂಡತಿಯ ಕಿವಿಗೆ ಬಿತ್ತು, ಅಲ್ಲಿಂದ ಕಚೇರಿಗೆ ಬಂತು. ಸಲಿಂಗಪ್ರೇಮಿಗಳನ್ನು ಶತ್ರುಗಳು ಬೆದರಿಸಿ ಗುಟ್ಟು ಕಸಿಯಬಹುದು ಎಂಬುದು ನಿಷೇಧಕ್ಕೆ ಒಂದು ಕಾಲದಲ್ಲಿ ಕೊಡುತ್ತಿದ್ದ ದೊಡ್ಡ ಕಾರಣ. ಆದರೆ ಬೆದರಿಕೆಗೆ ಬೆಲೆ ಬರುವುದು ಕೆಲಸ ಹೋಗುವ ಭಯ ಇದ್ದಾಗ. ಆ ಭಯ ಹುಟ್ಟಿಸಿದ್ದು ನಿಷೇಧವೇ. ಗ್ರೇಡಿ ಮುಚ್ಚಿಡಬೇಕಾಗಿ ಬಂದದ್ದು ಶತ್ರುವಿಗೆ ಹೆದರಿ ಅಲ್ಲ, ತಮ್ಮದೇ ಇಲಾಖೆಗೆ ಹೆದರಿ.

1995ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಅವರು ಸೋತರು. ತೀರ್ಪು ಬರೆದ ಸೈಮನ್ ಬ್ರೌನ್ ಅವರಿಗೆ ಅದು ಇಷ್ಟವಿರಲಿಲ್ಲ. ಕಾಲದ ಹರಿವು ರಕ್ಷಣಾ ಸಚಿವಾಲಯಕ್ಕೆ ಎದುರಾಗಿದೆ ಎಂದು ತೀರ್ಪಿನಲ್ಲೇ ಬರೆದರು. ಆದರೂ ಅಂದಿನ ಕಾನೂನಿನ ಪ್ರಕಾರ ಸಚಿವಾಲಯದ ನಿರ್ಧಾರವನ್ನು ತೀರಾ ಅವಿವೇಕದ್ದು ಎನ್ನಲಾಗದು, ಹಾಗಾಗಿ ತಮ್ಮ ಕೈ ಕಟ್ಟಿದೆ ಎಂದರು. ಮೇಲ್ಮನವಿಯಲ್ಲೂ ಅದೇ ಆಯಿತು. ಸೋಲಿನಲ್ಲೂ ಒಂದು ಫಲ ಸಿಕ್ಕಿತು: ಸಚಿವಾಲಯ ತನ್ನ ನೀತಿಯನ್ನು ಸಮರ್ಥಿಸಿಕೊಳ್ಳಲು ಪರಿಶೀಲನಾ ತಂಡವೊಂದನ್ನು ನೇಮಿಸಬೇಕಾಯಿತು. 1996ರ ಫೆಬ್ರುವರಿಯಲ್ಲಿ ಆ ತಂಡದ ವರದಿ ಬಂತು.

ಆ ವರದಿ ಓದಿದರೆ ಇಡೀ ವಿವಾದದ ತಿರುಳು ಸಿಗುತ್ತದೆ. ಸಲಿಂಗಪ್ರೇಮಿ ಸೈನಿಕರು ಗುರಿ ಸರಿ ಇಡುವುದಿಲ್ಲ, ಹೆದರಿ ಓಡುತ್ತಾರೆ, ಶಿಸ್ತು ಮೀರುತ್ತಾರೆ ಎಂದು ಅದು ಹೇಳಲಿಲ್ಲ. ಉಳಿದ ಸೈನಿಕರಿಗೆ ಅವರು ಜೊತೆಗಿರುವುದು ಇಷ್ಟವಿಲ್ಲ ಎಂದಿತು. ಒಂದೇ ಬ್ಯಾರಕ್, ಒಂದೇ ಸ್ನಾನದ ಮನೆ, ಹಡಗಿನ ಇಕ್ಕಟ್ಟು. ಮುಜುಗರವಾದರೆ ಒಗ್ಗಟ್ಟು ಒಡೆಯುತ್ತದೆ, ಒಗ್ಗಟ್ಟು ಒಡೆದರೆ ಕಾದುವ ಶಕ್ತಿ ಕುಗ್ಗುತ್ತದೆ. ವರದಿಯ ಭಾರವೆಲ್ಲ ನಿಂತದ್ದು ಆ ಮುಜುಗರದ ಮೇಲೆ. ಮುಜುಗರ ಪಡುವವರು ಒಬ್ಬರು, ಕೆಲಸ ಕಳೆದುಕೊಳ್ಳುವವರು ಇನ್ನೊಬ್ಬರು.

ನಾಲ್ವರೂ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 1999ರ ಸೆಪ್ಟೆಂಬರ್ 27ರಂದು ತೀರ್ಪು ಬಂತು. ನ್ಯಾಯಾಲಯ ಆ ವರದಿಯನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿತು. ಬಹುಸಂಖ್ಯಾತರ ಪೂರ್ವಗ್ರಹ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದೊಂದೇ ಕಾರಣಕ್ಕೆ ಅಲ್ಪಸಂಖ್ಯಾತರ ಖಾಸಗಿ ಬದುಕಿನಲ್ಲಿ ಕೈಹಾಕುವಂತಿಲ್ಲ. ಬೇರೆ ಜನಾಂಗದವರ, ಬೇರೆ ಮೈಬಣ್ಣದವರ ಬಗ್ಗೆ ಇರುವ ಅಸಹನೆಯನ್ನು ಹೇಗೆ ಕಾರಣವೆಂದು ಒಪ್ಪುವುದಿಲ್ಲವೋ ಹಾಗೆಯೇ ಇದನ್ನೂ ಒಪ್ಪಲಾಗದು ಎಂದಿತು. ಒಪ್ಪಿಕೊಂಡ ಮೇಲೂ ಮುಂದುವರಿದ ಆ ಪ್ರಶ್ನೆಗಳನ್ನೂ ಖಂಡಿಸಿತು. ಮರುವರ್ಷ ಪರಿಹಾರ ನಿಗದಿ ಮಾಡುವಾಗ ಮಾನಸಿಕ ಯಾತನೆಗೆಂದೇ ತಲಾ 19,000 ಪೌಂಡ್ ಕೊಡಿಸಿತು.

2000ದ ಜನವರಿ 12ರಂದು ರಕ್ಷಣಾ ಸಚಿವ ಜೆಫ್ ಹೂನ್ ಸಂಸತ್ತಿನಲ್ಲಿ ನಿಂತು ನಿಷೇಧ ತೆರವಾಯಿತು ಎಂದರು. ಅದರ ಜಾಗಕ್ಕೆ ಬಂದದ್ದು ಎಲ್ಲರಿಗೂ ಅನ್ವಯಿಸುವ ಒಂದು ನಡತೆಯ ಸಂಹಿತೆ. ಗಂಡಾಗಲಿ ಹೆಣ್ಣಾಗಲಿ, ಯಾರು ಯಾರನ್ನೇ ಪ್ರೀತಿಸಲಿ, ಆ ನಡತೆಯಿಂದ ತುಕಡಿಯ ಕೆಲಸಕ್ಕೆ ಧಕ್ಕೆಯಾಗಿದೆಯೇ ಎಂಬುದಷ್ಟೇ ಪ್ರಶ್ನೆ. ಮೇಲಧಿಕಾರಿ ಕೈಕೆಳಗಿನವರ ಮೇಲೆ ಕೈಹಾಕಿದರೆ ಅದು ಮೊದಲೂ ಅಪರಾಧ, ಈಗಲೂ ಅಪರಾಧ. ನಿಷೇಧ ತೆಗೆದರೆ ಬ್ಯಾರಕ್ಕುಗಳಲ್ಲಿ ಅನಾಚಾರ ನಡೆದೀತು ಎಂದು ಹೆದರುವವರು ಈ ಸರಳ ಸಂಗತಿಯನ್ನು ಮರೆಯುತ್ತಾರೆ.

ಆಮೇಲೆ ಏನಾಯಿತು? ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಅಂದೇ ನೌಕಾಪಡೆಯ ಅಧಿಕಾರಿ ಕ್ರೇಗ್ ಜೋನ್ಸ್ ತಾವು ಗೇ ಎಂದು ಹೇಳಿಕೊಂಡರು, ಮರುದಿನ ಎಂದಿನಂತೆ ಕೆಲಸಕ್ಕೆ ಹೋದರು. ಸಾಮೂಹಿಕ ರಾಜೀನಾಮೆ ಬರುತ್ತದೆ ಎಂದಿದ್ದವರ ಮಾತು ಸುಳ್ಳಾಯಿತು. ಸೇನೆಯ ಕಾರ್ಯಶಕ್ತಿಯ ಮೇಲೆ ಕಣ್ಣಿಗೆ ಕಾಣುವ ಪರಿಣಾಮ ಏನೂ ಆಗಿಲ್ಲ ಎಂದು ಸಚಿವಾಲಯದ್ದೇ ಪರಿಶೀಲನೆ ಹೇಳಿತು. ಇರಾಕಿಗೂ ಅಫ್ಗಾನಿಸ್ತಾನಕ್ಕೂ ಅದೇ ಸೇನೆ ಹೋಗಿ ಬಂತು. 2005ರ ಕೊನೆಗೆ ಸಲಿಂಗ ಜೋಡಿಗಳ ನೋಂದಣಿಗೆ ಕಾನೂನು ಜಾರಿಯಾದಾಗ ಅಂಥ ಜೋಡಿಗಳಿಗೂ ಸೇನೆಯ ಕುಟುಂಬ ವಸತಿಗೃಹದ ಬಾಗಿಲು ತೆರೆಯಿತು. ಗಡಿಯಾಚೆ ಸೈನಿಕ ಸತ್ತರೆ ಬಾಗಿಲು ತಟ್ಟಿ ಸುದ್ದಿ ಹೇಳಬೇಕಾದವರ ಸಾಲಿನಲ್ಲಿ ಸಂಗಾತಿಗೆ ಕಾನೂನುಬದ್ಧ ಜಾಗ ಸಿಕ್ಕಿತು. ಈ ಕೊನೆಯದು ಸಣ್ಣ ವಿಷಯದಂತೆ ಕಾಣಬಹುದು. ಸೈನಿಕರ ಮನೆಯವರಿಗೆ ಅದು ಎಷ್ಟು ದೊಡ್ಡದೆಂದು ಗೊತ್ತು.

ಬೇರೆ ದೇಶಗಳದೂ ಹೆಚ್ಚುಕಡಿಮೆ ಇದೇ ದಾರಿ. ನೆದರ್ಲೆಂಡ್ಸ್ 1974ರಲ್ಲೇ ನಿಷೇಧ ಕೈಬಿಟ್ಟಿತ್ತು. ಕೆನಡಾ, ಆಸ್ಟ್ರೇಲಿಯಾ 1992ರಲ್ಲಿ ಬಿಟ್ಟವು, ಯುದ್ಧದ ನೆರಳಿನಲ್ಲೇ ಬದುಕುವ ಇಸ್ರೇಲ್ 1993ರಲ್ಲಿ ಬಿಟ್ಟಿತು. ಅಮೆರಿಕ 1993ರಲ್ಲಿ ‘ಕೇಳಬೇಡ, ಹೇಳಬೇಡ’ ಎಂಬ ನಡುದಾರಿ ಹಿಡಿದು, ಸುಮ್ಮನಿದ್ದವರನ್ನು ಉಳಿಸಿಕೊಂಡು ಬಾಯಿಬಿಟ್ಟ 13,000ಕ್ಕೂ ಹೆಚ್ಚು ಜನರನ್ನು ಹೊರಹಾಕಿ, 2011ರ ಸೆಪ್ಟೆಂಬರ್ 20ರಂದು ಅದನ್ನೂ ಕೊನೆಗೊಳಿಸಿತು.

ಬ್ರಿಟನ್ನಿನ ಕಥೆ 2000ದಲ್ಲಿ ಮುಗಿಯಿತು ಎಂದು ಬಹಳ ಜನ ಭಾವಿಸಿದರು. ನನಗೆ ಅದರ ಎರಡನೆಯ ಭಾಗವೇ ಹೆಚ್ಚು ಕಾಡುತ್ತದೆ. ನಿಷೇಧ ತೆಗೆದ ಸರ್ಕಾರ ಮುಂದೆ ಸೇರುವವರಿಗೆ ಬಾಗಿಲು ತೆರೆಯಿತು. ಈಗಾಗಲೇ ಹೊರದಬ್ಬಿದವರ ಕಡೆ ತಿರುಗಿಯೂ ನೋಡಲಿಲ್ಲ. ಎಷ್ಟೋ ಜನರ ಪಿಂಚಣಿ ಹೋಗಿತ್ತು, ಪದಕ ಹೋಗಿತ್ತು. ಕೆಲವರ ದಾಖಲೆಯಲ್ಲಿ ಅಪರಾಧಿ ಎಂಬ ಮುದ್ರೆ ಹಾಗೇ ಇತ್ತು. ಹೊಸ ಕೆಲಸಕ್ಕೆ ಅರ್ಜಿ ಹಾಕಿದಾಗಲೆಲ್ಲ ಅದೇ ಮುದ್ರೆ ಮುಂದೆ ಬಂದು ನಿಲ್ಲುತ್ತಿತ್ತು. ಹೀಗೆ ಇಪ್ಪತ್ತು ವರ್ಷ ಕಳೆಯಿತು.

ಔಸಾಲಿಸ್ ಬಿಡಲಿಲ್ಲ. ಮುದುಕರಾದ ಮೇಲೂ ಕೋರ್ಟಿಗೆ ಹೋದರು, ತಮ್ಮ ಪದಕ ಕೇಳಿದರು. 2020ರ ಜನವರಿಯಲ್ಲಿ ಸಚಿವಾಲಯ ಅದನ್ನು ಮರಳಿಸಿತು. ಅದೇ ತಿಂಗಳು, ನಿಷೇಧ ತೆರವಾಗಿ ಸರಿಯಾಗಿ ಇಪ್ಪತ್ತು ವರ್ಷಕ್ಕೆ, ಕ್ರೇಗ್ ಜೋನ್ಸ್ ಮತ್ತು ಜೊತೆಗಾರರು ‘ಫೈಟಿಂಗ್ ವಿತ್ ಪ್ರೈಡ್’ ಎಂಬ ಸಂಸ್ಥೆ ಕಟ್ಟಿದರು. ಹಳೆಯ ಸೈನಿಕರನ್ನು ಹುಡುಕಿ ಮಾತಾಡಿಸತೊಡಗಿದರು. ಒತ್ತಡ ಹೆಚ್ಚಿದಾಗ ಸರ್ಕಾರ ಸ್ವತಂತ್ರ ವಿಚಾರಣೆಗೆ ಒಪ್ಪಿತು. ಅದರ ಹೊಣೆ ಹೊತ್ತವರು ನಿವೃತ್ತ ನ್ಯಾಯಮೂರ್ತಿ ಲಾರ್ಡ್ ಟೆರೆನ್ಸ್ ಎಥರ್ಟನ್, ತಾವೇ ಗೇ ಎಂದು ಬಹಿರಂಗವಾಗಿ ಬದುಕಿದವರು.

ಸಾಕ್ಷ್ಯ ಕೊಡಿ ಎಂದು ಕರೆದಾಗ 1,128 ಜನ ಉತ್ತರಿಸಿದರು. 1967ರಿಂದ 2000ದವರೆಗಿನ ಆ ಸಾಕ್ಷ್ಯಗಳನ್ನು ಒಂದೇ ಸಲಕ್ಕೆ ಓದಲಾಗುವುದಿಲ್ಲ. ‘ಚಿಕಿತ್ಸೆ’ ಎಂದು ಕರೆಂಟ್ ಶಾಕ್ ಕೊಟ್ಟದ್ದು, ಹೇಸಿಗೆಯ ವೈದ್ಯಕೀಯ ತಪಾಸಣೆಗಳು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದರೂ ದೂರು ಕೊಡಲಾಗದೆ ಬಾಯಿ ಮುಚ್ಚಿಕೊಂಡದ್ದು, ತಾನು ಹೇಳುವ ಮೊದಲೇ ಸೇನೆಯಿಂದ ಮನೆಯವರಿಗೆ ಸುದ್ದಿ ಹೋದದ್ದು, ಜೀವ ತೆಗೆದುಕೊಂಡದ್ದು. ಹೆಣ್ಣುಮಕ್ಕಳ ಸಾಕ್ಷ್ಯ ಬಹಳ ಇದೆ. ಮೂವತ್ತು, ನಲವತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಮೊದಲ ಬಾರಿಗೆ ಬರೆದವರು ಅವರಲ್ಲಿದ್ದರು. ಅವರ ಪ್ರೀತಿಯ ಕಾಗದಗಳನ್ನು ಒಂದು ಕಾಲದಲ್ಲಿ ಸರ್ಕಾರ ಕಸಿದು ಓದಿತ್ತು. ಈಗ ಅವರೇ ಸರ್ಕಾರಕ್ಕೆ ಕಾಗದ ಬರೆದರು.

2023ರ ಜುಲೈ 19ರಂದು ವರದಿ ಪ್ರಕಟವಾಯಿತು, 49 ಶಿಫಾರಸುಗಳಿದ್ದವು. ಅಂದೇ ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ಎದ್ದು ನಿಂತು ಕ್ಷಮೆ ಕೇಳಿದರು, ಇದು ಬ್ರಿಟಿಷ್ ಪ್ರಭುತ್ವದ ಘೋರ ವೈಫಲ್ಯ ಎಂದರು. ಪರಿಹಾರಕ್ಕೆ ಮತ್ತೂ ಒಂದು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. 2024ರ ಡಿಸೆಂಬರಿನಲ್ಲಿ ಹೊಸ ಸರ್ಕಾರ ಒಟ್ಟು 7.5 ಕೋಟಿ ಪೌಂಡ್ ತೆಗೆದಿರಿಸಿತು. ಈ ಕಾರಣಕ್ಕೆ ಕೆಲಸ ಕಳೆದುಕೊಂಡವರಿಗೆ 50,000 ಪೌಂಡ್. ಕಿರುಕುಳ, ತನಿಖೆ, ಜೈಲು ಅನುಭವಿಸಿದವರಿಗೆ ಪ್ರತ್ಯೇಕವಾಗಿ 20,000 ಪೌಂಡ್‌ವರೆಗೆ. ಕಸಿದುಕೊಂಡ ಪದಕ, ಸೈನಿಕರ ಟೋಪಿ, ಅಧಿಕಾರಿಗಳ ಸನ್ನದು ಮರಳಿ ಕೊಡುವ ಏರ್ಪಾಡೂ ಆಯಿತು. ಅಷ್ಟರಲ್ಲಿ ಬಹಳ ಜನ ತೀರಿಕೊಂಡಿದ್ದರು. ಎಥರ್ಟನ್ ಅವರೇ 2025ರ ಮೇ ತಿಂಗಳಲ್ಲಿ ಕಣ್ಮುಚ್ಚಿದರು.

ಅವರ ಶಿಫಾರಸಿನಂತೆ ಒಂದು ಸ್ಮಾರಕ ಎದ್ದಿತು. ಸ್ಟಾಫರ್ಡ್‌ಶೈರಿನ ರಾಷ್ಟ್ರೀಯ ಸ್ಮಾರಕ ವನದಲ್ಲಿ 2025ರ ಅಕ್ಟೋಬರ್ 27ರಂದು ದೊರೆ ಚಾರ್ಲ್ಸ್ ಬಂದು ಹೂವಿಟ್ಟರು. ಕತ್ತಿ ಹಿಡಿದ ಯೋಧನ ಪ್ರತಿಮೆಯಲ್ಲ ಅದು. ಮುದುಡಿ, ಮತ್ತೆ ಬಿಡಿಸಿದ ಒಂದು ಕಾಗದ, ಕಂಚಿನದು. ಹೆಸರು ‘ತೆರೆದ ಪತ್ರ’ ಎಂದೇ. ಅದರ ಮೈಮೇಲೆ ಆ ಸೈನಿಕರ ಸಾಕ್ಷ್ಯದಿಂದ ಎತ್ತಿಕೊಂಡ ಮಾತುಗಳಿವೆ.

ಈಗ ನಮ್ಮ ಮನೆಯ ಮಾತು. 1860ರಲ್ಲಿ ಬ್ರಿಟಿಷರು ಬರೆದ ದಂಡ ಸಂಹಿತೆಯ 377ನೇ ಕಲಂ ಪ್ರಕೃತಿಗೆ ವಿರುದ್ಧವಾದ ಸಂಭೋಗವನ್ನು ಅಪರಾಧ ಎಂದಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಒಪ್ಪಿದ ವಯಸ್ಕರಿಗೆ ಅದು ಅನ್ವಯಿಸದು ಎಂದರು. ಈ ಜನರಿಗೂ ಅವರ ಮನೆಯವರಿಗೂ ಇತಿಹಾಸ ಕ್ಷಮೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ.

1950ರ ಸೇನಾ ಕಾಯ್ದೆಯಲ್ಲಿ ಅದರ ತಮ್ಮ ಇನ್ನೂ ಕೂತಿದ್ದಾನೆ. 46ನೇ ಕಲಮಿನಲ್ಲಿ ಕ್ರೂರ, ಅಸಭ್ಯ ಅಥವಾ ಅಸ್ವಾಭಾವಿಕ ಬಗೆಯ ನಾಚಿಕೆಗೇಡು ನಡತೆಗೆ ಏಳು ವರ್ಷದವರೆಗೆ ಸಜೆ. 45ನೇ ಕಲಮಿನಲ್ಲಿ ಅಧಿಕಾರಿಗೆ ತಕ್ಕುದಲ್ಲದ ನಡತೆಗೆ ವಜಾ. ಸೈನಿಕರ ಮೂಲಭೂತ ಹಕ್ಕುಗಳನ್ನು ಮೊಟಕು ಮಾಡಲು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಅವಕಾಶ ಕೊಟ್ಟಿದೆ. ಸುಪ್ರೀಂ ಕೋರ್ಟ್ ತೀರ್ಪು ಬಂದು ನಾಲ್ಕು ತಿಂಗಳಾದ ಮೇಲೆ, 2019ರ ಜನವರಿಯ ವಾರ್ಷಿಕ ಪತ್ರಿಕಾಗೋಷ್ಠಿಯಲ್ಲಿ ಅಂದಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಸೇನೆ ಸಂಪ್ರದಾಯಸ್ಥವಾದದ್ದು, ಇದಕ್ಕೆ ಅಲ್ಲಿ ಅವಕಾಶವಿಲ್ಲ, ಸೇನಾ ಕಾಯ್ದೆಯಡಿ ಕ್ರಮ ಕೈಗೊಳ್ಳುತ್ತೇವೆ ಎಂದರು. ಹತ್ತಕ್ಕೂ ಹೆಚ್ಚು ವರ್ಷ ಸೇನೆಯಲ್ಲಿದ್ದ ಮೇಜರ್ ಜೆ. ಸುರೇಶ್ ಸೇವೆ ಬಿಟ್ಟ ಮೇಲೆ, ತಾವು ಗೇ ಎಂದು 2020ರಲ್ಲಿ ಬಹಿರಂಗವಾಗಿ ಹೇಳಿದರು. ಅವರ ಬದುಕಿನಿಂದ ಪ್ರೇರಣೆ ಪಡೆದು ನಿರ್ದೇಶಕ ಓನಿರ್ ಬರೆದ ಚಿತ್ರಕಥೆಗೆ ರಕ್ಷಣಾ ಸಚಿವಾಲಯ 2022ರ ಜನವರಿಯಲ್ಲಿ ಒಪ್ಪಿಗೆ ಕೊಡಲಿಲ್ಲ. ಕಾಶ್ಮೀರದಲ್ಲಿರುವ ಸೈನಿಕನಿಗೂ ಸ್ಥಳೀಯ ಹುಡುಗನಿಗೂ ಪ್ರೀತಿ ಹುಟ್ಟುವುದನ್ನು ತೋರಿಸಿದರೆ ಸೇನೆಯ ಹೆಸರಿಗೆ ಕುಂದು ಎಂಬುದು ಸಂಸತ್ತಿಗೆ ಕೊಟ್ಟ ಉತ್ತರದ ಸಾರ.

ನಮ್ಮ ಸೇನೆಯ ಜವಾನರು ಹಳ್ಳಿಗಳಿಂದ ಬರುತ್ತಾರೆ, ಅವರು ಒಪ್ಪುವುದಿಲ್ಲ, ನಮ್ಮ ಸಂಸ್ಕೃತಿ ಬೇರೆ ಎಂಬ ಮಾತನ್ನು ನಿವೃತ್ತ ಅಧಿಕಾರಿಗಳ ಬಾಯಲ್ಲೂ ಕೇಳಿದ್ದೇನೆ. ಪ್ರಾಮಾಣಿಕವಾಗಿಯೇ ಹೇಳುತ್ತಾರೆ. 1996ರ ಆ ಬ್ರಿಟಿಷ್ ವರದಿಯೂ ಇದನ್ನೇ, ಇಷ್ಟೇ ಪ್ರಾಮಾಣಿಕವಾಗಿ ಹೇಳಿತ್ತು. ಆದರೆ ಅದಕ್ಕಿಂತ ಹಳೆಯ ಸಾಕ್ಷಿ ನಮ್ಮ ಬೆಳಗಾವಿಯಲ್ಲೇ ಇದೆ.

ಮಹಾರ್ ಜನ ಬಾಂಬೆ ಸೇನೆಯಲ್ಲಿ ತಲೆಮಾರುಗಳ ಕಾಲ ಕಾದಿದವರು. ಡಾ. ಅಂಬೇಡ್ಕರ್ ಅವರ ತಂದೆ ರಾಮ್‌ಜೀ ಸಕ್ಪಾಲ್ ಆ ಸೇನೆಯಲ್ಲಿ ಸುಬೇದಾರರಾಗಿದ್ದರು. 1890ರ ದಶಕದ ಆರಂಭದಲ್ಲಿ ಬ್ರಿಟಿಷರು ಮಹಾರರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ವೀರ ಜನಾಂಗಗಳು ಎಂಬ ಸಿದ್ಧಾಂತ ಒಂದು ಕಡೆ. ಮೇಲ್ಜಾತಿಯ ಸಿಪಾಯಿಗಳು ಅವರ ಜೊತೆ ಇರಲೊಲ್ಲರು ಎಂಬ ಕಾರಣ ಇನ್ನೊಂದು ಕಡೆ. ಅದೇ ಬ್ಯಾರಕ್, ಅದೇ ಊಟ, ಅದೇ ನೀರು, ಅದೇ ಮುಜುಗರ. ಮೊದಲ ಮಹಾಯುದ್ಧಕ್ಕೆ ಜನ ಸಾಲದಾದಾಗ ಕರೆದರು, ಯುದ್ಧ ಮುಗಿದ ಮೇಲೆ ಬಿಟ್ಟರು. ಅಂಬೇಡ್ಕರ್ ಒತ್ತಾಯ ಬಿಡಲಿಲ್ಲ. ಕೊನೆಗೆ 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಬೆಳಗಾವಿಯಲ್ಲಿ ಹುಟ್ಟಿತು. ಮುಂದೆ ಅದೇ ರೆಜಿಮೆಂಟಿನಲ್ಲಿ ಸೇವೆ ಆರಂಭಿಸಿದ ಕೆ.ವಿ. ಕೃಷ್ಣರಾವ್, ಕೆ. ಸುಂದರ್‌ಜೀ ಇಬ್ಬರೂ ಭೂಸೇನೆಯ ಮುಖ್ಯಸ್ಥರಾದರು.

ಜಾತಿಯ ಗಾಯವೂ ಇದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಜಾತಿ ಹುಟ್ಟಿನಿಂದಲೇ ಊರಿಗೆಲ್ಲ ಗೊತ್ತಿರುತ್ತದೆ, ತಾಯಿತಂದೆ ಜೊತೆಗೇ ಇರುತ್ತಾರೆ. ಸಲಿಂಗಪ್ರೇಮಿ ಮೊದಲು ಅಡಗಬೇಕಾಗುವುದು ಆ ತಾಯಿತಂದೆಯ ಮುಂದೆಯೇ. ಹೋಲಿಸುತ್ತಿರುವುದು ಹೊರಗಿಡಲು ಕೊಟ್ಟ ಕಾರಣವನ್ನು. ಅದೇ ಕಾರಣ 2020ರಲ್ಲಿ ಮತ್ತೊಮ್ಮೆ ಬಂತು. ಸೇನೆಯಲ್ಲಿ ಹೆಣ್ಣುಮಕ್ಕಳಿಗೆ ಕಾಯಂ ಹುದ್ದೆ, ನಾಯಕತ್ವ ಕೊಡುವ ಮೊಕದ್ದಮೆಯಲ್ಲಿ ಕೇಂದ್ರ ಸರ್ಕಾರ ಲಿಖಿತ ವಾದ ಮಂಡಿಸಿತು: ಜವಾನರು ಬಹುಪಾಲು ಹಳ್ಳಿಯವರು, ಹೆಣ್ಣಿನ ಆಜ್ಞೆ ಪಾಲಿಸಲು ಅವರ ಮನಸ್ಸು ಇನ್ನೂ ಸಿದ್ಧವಾಗಿಲ್ಲ ಎಂದು. ಫೆಬ್ರುವರಿ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಇಂದು ಹೆಣ್ಣುಮಕ್ಕಳು ಆಜ್ಞೆ ಕೊಡುತ್ತಿದ್ದಾರೆ, ಹಳ್ಳಿಯ ಹುಡುಗರು ಪಾಲಿಸುತ್ತಿದ್ದಾರೆ. ಹಳ್ಳಿಯವರನ್ನು ಮುಂದಿಟ್ಟುಕೊಂಡು ಮಾತಾಡುವವರಿಗೆ ಹಳ್ಳಿಯವರ ಬಗ್ಗೆ ಅಷ್ಟೊಂದು ಕೀಳು ಅಂದಾಜು ಏಕೆ ಎಂದು ನನಗೆ ಬೇಸರವಾಗುತ್ತದೆ. ನಾಲ್ಕು ಸಾಲು ಓದದೆ ಕಾಗದ ಮಡಚಿ ಕೊಟ್ಟವರೂ ಹಳ್ಳಿಯವರೇ.

ಸೇನಾ ಕಾಯ್ದೆಯಲ್ಲಿ ಆಗಬೇಕಾದ ತಿದ್ದುಪಡಿ ದೊಡ್ಡದೇನಲ್ಲ. ಕ್ರೂರ ನಡತೆಗೆ ಶಿಕ್ಷೆ ಇರಲಿ, ಅಸಭ್ಯ ನಡತೆಗೆ ಇರಲಿ. ‘ಅಸ್ವಾಭಾವಿಕ’ ಎಂಬ ಪದ ಹೋಗಬೇಕು, ಒಪ್ಪಿದ ವಯಸ್ಕರ ಸಂಬಂಧ ತನ್ನಷ್ಟಕ್ಕೆ ತಾನೇ ಅಪರಾಧವಲ್ಲ ಎಂದು ಬರೆಯಬೇಕು. ಸಂಸತ್ತು ಮನಸ್ಸು ಮಾಡಿದರೆ ಒಂದು ಅಧಿವೇಶನದ ಕೆಲಸ. ಬ್ರಿಟನ್ ನಿಷೇಧ ತೆಗೆದು, ಆದ ಅನ್ಯಾಯಕ್ಕೆ ಕ್ಷಮೆ ಕೇಳಲು 23 ವರ್ಷ ತೆಗೆದುಕೊಂಡಿತು. ನಾವು ಮೊದಲ ಹೆಜ್ಜೆಯನ್ನೇ ಇಡದೆ ಆ ಬಾಕಿಯನ್ನು ದಿನದಿನಕ್ಕೂ ಬೆಳೆಸುತ್ತಿದ್ದೇವೆ. ಸಲಿಂಗ ಜೋಡಿಗಳ ಮದುವೆಗೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲವಾದ್ದರಿಂದ ಕಾಯ್ದೆ ತಿದ್ದಿದ ಮೇಲೂ ದಾರಿ ಬಾಕಿ ಇರುತ್ತದೆ.

ಸೇನೆಗೆ ಸೇರುವ ಪ್ರತಿಯೊಬ್ಬರೂ ಒಂದು ಫಾರಂ ತುಂಬುತ್ತಾರೆ. ತನಗೇನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬ ಸಾಲು ಅದರಲ್ಲಿರುತ್ತದೆ. ಅವನು ಅಮ್ಮನ ಹೆಸರು ಬರೆಯುತ್ತಾನೆ, ಊರು, ತಾಲ್ಲೂಕು, ಜಿಲ್ಲೆ, ಪಿನ್ ಕೋಡ್ ಬರೆಯುತ್ತಾನೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ದಿನಾ ರಾತ್ರಿ ಅವನ ಫೋನಿಗೆ ಕಾಯುವ ಇನ್ನೊಬ್ಬನ ಹೆಸರು ಬರೆಯಲು ಅಲ್ಲಿ ಜಾಗವಿಲ್ಲ. ಹಿಮದಲ್ಲೋ ಕಾಡಿನಲ್ಲೋ ಏನಾದರೂ ಆದರೆ ಜೀಪು ಅಮ್ಮನ ಮನೆಯ ಮುಂದೆ ನಿಲ್ಲುತ್ತದೆ. ಆ ಇನ್ನೊಬ್ಬನಿಗೆ ಸುದ್ದಿ ತಿಳಿಯುವುದು ಟಿವಿಯಲ್ಲಿ.